ನಿನ್ನೆಯ ಗೋಲು, ನಾಳೆಯ ಸಂಬಳ

2021ರ ಆಗಸ್ಟ್ 8, ಭಾನುವಾರ. ಬಾರ್ಸಿಲೋನಾದ ಕ್ಯಾಂಪ್ ನೌ ಕ್ರೀಡಾಂಗಣದ ಸಭಾಂಗಣದಲ್ಲಿ ಪತ್ರಕರ್ತರು, ಸಹ ಆಟಗಾರರು, ಮನೆಯವರು ಕಾದು ಕುಳಿತಿದ್ದರು. ವೇದಿಕೆಗೆ ಬಂದ ಲಯೊನೆಲ್ ಮೆಸ್ಸಿ ಮಾತು ಶುರುಮಾಡುವ ಮೊದಲೇ ಬಿಕ್ಕಿದರು. ಮುಂದಿನ ಸಾಲಿನಿಂದ ಪತ್ನಿ ಆಂಟೊನೆಲಾ ಟಿಶ್ಯೂ ಕೊಟ್ಟರು. 13ನೇ ವಯಸ್ಸಿನಲ್ಲಿ ಅರ್ಜೆಂಟೀನಾದಿಂದ ಬಂದು, ಆ ಕ್ಲಬ್ಬಿಗಾಗಿ 672 ಗೋಲು ಹೊಡೆದವರು ಅಂದು ವಿದಾಯ ಹೇಳುತ್ತಿದ್ದರು.

ಮೆಸ್ಸಿಗೆ ಹೋಗುವ ಮನಸ್ಸಿರಲಿಲ್ಲ. ಸಂಬಳದಲ್ಲಿ ಅರ್ಧ ಬಿಟ್ಟುಕೊಡಲು ಒಪ್ಪಿದ್ದರು. ಕ್ಲಬ್ಬಿಗೂ ಕಳಿಸುವ ಮನಸ್ಸಿರಲಿಲ್ಲ. ಆದರೆ ಸ್ಪೇನಿನ ಲೀಗ್ ಪ್ರತಿ ಕ್ಲಬ್ಬಿಗೂ ಅದರ ಆದಾಯ ಮತ್ತು ಸಾಲ ನೋಡಿ ವೇತನದ ಮಿತಿ ಹಾಕುತ್ತದೆ. ಅಧ್ಯಕ್ಷ ಜೊವಾನ್ ಲಾಪೋರ್ಟಾ ಕೊಟ್ಟ ವಿವರಣೆ ಕೇಳಿದವರು ದಂಗಾದರು. ಮೆಸ್ಸಿ ಇದ್ದರೆ ವೇತನದ ಬಿಲ್ಲು ಆದಾಯದ ಶೇ 110ರಷ್ಟಾಗುತ್ತಿತ್ತು. ಅವರನ್ನು ಬಿಟ್ಟರೂ ಶೇ 95ರಷ್ಟಿತ್ತು. ಕೆಲವೇ ದಿನಗಳಲ್ಲಿ ಲಾಪೋರ್ಟಾ ಹೇಳಿದ ಒಟ್ಟು ಸಾಲ 135 ಕೋಟಿ ಯೂರೊ.

ಜಗತ್ತಿನ ಅತಿ ದೊಡ್ಡ ಆಟಗಾರ ಅರ್ಧ ಸಂಬಳಕ್ಕೆ ಆಡುತ್ತೇನೆಂದರೂ ಇಟ್ಟುಕೊಳ್ಳಲಾಗದ ಸ್ಥಿತಿಗೆ ಜಗತ್ತಿನ ಅತಿ ಶ್ರೀಮಂತ ಕ್ಲಬ್ಬುಗಳಲ್ಲೊಂದು ಬಂದು ನಿಂತದ್ದು ಹೇಗೆ? ಯಾವ ತಾರೆಗೆ ಎಷ್ಟು ಕೊಡಬೇಕು, ಎಷ್ಟು ವರ್ಷಕ್ಕೆ ಕೊಡಬೇಕು ಎಂಬುದನ್ನು ಈ ಕ್ಲಬ್ಬುಗಳು ಹೇಗೆ ತೀರ್ಮಾನಿಸುತ್ತವೆ?

ಹೆದರಿಕೆಯಲ್ಲಿ ಹಾಕಿದ ಸಹಿ

ಇದರ ಬೇರು 2017ರಲ್ಲಿದೆ. ಆ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ 22.2 ಕೋಟಿ ಯೂರೊ ಕಟ್ಟಿ ನೇಮಾರ್‌ ಅವರನ್ನು ಬಾರ್ಸಿಲೋನಾದಿಂದ ಕರೆದೊಯ್ದಿತು. ಆ ಮೊತ್ತ ಒಪ್ಪಂದದಲ್ಲೇ ಬರೆದಿದ್ದ ಬಿಡುಗಡೆ ದರವಾದ್ದರಿಂದ ತಡೆಯುವ ದಾರಿಯಿರಲಿಲ್ಲ. ಒಬ್ಬ ತಾರೆ ಕೈತಪ್ಪಿದ ಹೊತ್ತಿಗೆ ಇನ್ನೊಬ್ಬರ ಒಪ್ಪಂದ ಮುಗಿಯಲು ಒಂದು ವರ್ಷವೂ ಉಳಿದಿರಲಿಲ್ಲ. 2018ರ ಜೂನ್ ಕಳೆದರೆ ಮೆಸ್ಸಿ, ಕ್ಲಬ್ಬಿಗೆ ಬಿಡಿಗಾಸೂ ಸಿಗದಂತೆ, ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು.

2017ರ ನವೆಂಬರ್‌ನಲ್ಲಿ ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಅದರಲ್ಲಿ ಏನಿದೆ ಎಂಬುದು ಜನಕ್ಕೆ ತಿಳಿದದ್ದು 2021ರ ಜನವರಿಯಲ್ಲಿ, ಸ್ಪೇನಿನ ‘ಎಲ್ ಮುಂಡೊ’ ಪತ್ರಿಕೆ ಅದನ್ನು ಬಯಲು ಮಾಡಿದಾಗ. ನಾಲ್ಕು ವರ್ಷಕ್ಕೆ ಗರಿಷ್ಠ 55.5 ಕೋಟಿ ಯೂರೊ. ರೂಪಾಯಿ ಲೆಕ್ಕದಲ್ಲಿ ಆಗ ಸುಮಾರು 4,900 ಕೋಟಿ. ಸಹಿ ಹಾಕಿದ್ದಕ್ಕೇ 11.5 ಕೋಟಿ ಯೂರೊ, ಕ್ಲಬ್ಬಿಗೆ ನಿಷ್ಠರಾಗಿ ಉಳಿದದ್ದಕ್ಕೆ ಬೇರೆ 7.8 ಕೋಟಿ.

ಮೆಸ್ಸಿ ಅಷ್ಟಕ್ಕೆ ಅರ್ಹರಾಗಿರಲಿಲ್ಲ ಎನ್ನುವ ಧೈರ್ಯ ನನಗಿಲ್ಲ. ಅವರ ಹೆಸರಿನಿಂದ ಬಂದ ಪ್ರಾಯೋಜಕರು, ಪ್ರವಾಸಿಗರು, ಟಿಕೆಟ್ಟುಗಳ ಲೆಕ್ಕ ಹಾಕಿದರೆ ಬಹುಪಾಲು ಮರಳಿ ಬಂದಿರಲೂಬಹುದು. ಪೆಟ್ಟು ಬಿದ್ದದ್ದು ಇನ್ನೊಂದು ಕಡೆ. ಮೇಲಿನ ಮೆಟ್ಟಿಲು ಅಷ್ಟು ಎತ್ತರಕ್ಕೆ ಹೋದಾಗ ಕೆಳಗಿನವೂ ಏರಿದವು. ನೇಮಾರ್ ಬಿಟ್ಟುಹೋದ ಹಣಕ್ಕಿಂತ ಹೆಚ್ಚನ್ನು ಉಸ್ಮಾನ್ ಡೆಂಬೆಲೆ ಮತ್ತು ಫಿಲಿಪೆ ಕುಟಿನ್ಯೊ ಇಬ್ಬರಿಗೇ ಸುರಿಯಲಾಯಿತು. ಹಳಬರ ಒಪ್ಪಂದಗಳು ಹಿಗ್ಗಿದವು. ಕೊರೊನಾ ಬಂದು ಕ್ರೀಡಾಂಗಣ ಖಾಲಿಯಾದಾಗ ತಗ್ಗಿಸಲು ಏನೂ ಉಳಿದಿರಲಿಲ್ಲ. ಬಾರ್ಸಿಲೋನಾ ಮೆಸ್ಸಿಯನ್ನು ಕಳೆದುಕೊಂಡದ್ದು 2021ರಲ್ಲಿ ಸಹಿ ಮಾಡಲಾಗದಾಗ ಎಂದು ಎಲ್ಲರೂ ಬರೆದರು. ಅದಕ್ಕೆ ನಾಲ್ಕು ವರ್ಷ ಮೊದಲು, ಅಳತೆ ಮೀರಿ ಸಹಿ ಮಾಡಿದ ದಿನವೇ ಕಳೆದುಕೊಂಡಿತ್ತು ಎಂಬುದು ನನ್ನ ತಿಳಿವಳಿಕೆ. ನಡೆಸಿಕೊಡಲಾಗದ ಮಾತು ಕೊಡುವುದು ಆಟಗಾರನಿಗೂ ಮಾಡುವ ಅನ್ಯಾಯ.

ಬೋಸ್ಮನ್ ತೆರೆದ ಬಾಗಿಲು

ಕ್ಲಬ್ಬುಗಳಿಗೆ ಈ ಹೆದರಿಕೆ ಶುರುವಾದದ್ದು ಒಂದು ನ್ಯಾಯಾಲಯದ ತೀರ್ಪಿನಿಂದ. ಬೆಲ್ಜಿಯಂನ ಲಿಯೇಜ್ ಕ್ಲಬ್ಬಿನಲ್ಲಿ ಆಡುತ್ತಿದ್ದ ಜಾನ್ ಮಾರ್ಕ್ ಬೋಸ್ಮನ್ ಅಂಥ ಹೆಸರಾಂತ ಆಟಗಾರರೇನೂ ಆಗಿರಲಿಲ್ಲ. ಒಪ್ಪಂದ ಮುಗಿದ ಮೇಲೆ ಫ್ರಾನ್ಸಿನ ಡಂಕರ್ಕ್‌ಗೆ ಹೋಗಬೇಕೆಂದಿದ್ದರು. ಒಪ್ಪಂದ ಮುಗಿದರೂ ವರ್ಗಾವಣೆ ಶುಲ್ಕ ಕೊಡದೆ ಬಿಡುವುದಿಲ್ಲವೆಂದು ಹಳೆಯ ಕ್ಲಬ್ ಪಟ್ಟು ಹಿಡಿಯಿತು. ಬೋಸ್ಮನ್ ಕೋರ್ಟಿಗೆ ಹೋದರು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು.

ಅಲ್ಲಿಂದ ಮುಂದೆ ಒಪ್ಪಂದದ ಅವಧಿ ಮುಗಿದ ಆಟಗಾರ ಸ್ವತಂತ್ರ. ಅಷ್ಟೇ ಅಲ್ಲ, ಕೊನೆಯ ಆರು ತಿಂಗಳಿರುವಾಗಲೇ ಬೇರೆ ದೇಶದ ಕ್ಲಬ್ಬಿನೊಂದಿಗೆ ಮಾತುಕತೆ ಮುಗಿಸಿಕೊಳ್ಳಬಹುದು. ಹತ್ತು ಕೋಟಿ ಯೂರೊ ಬೆಲೆಬಾಳುವ ಆಟಗಾರ ಒಪ್ಪಂದದ ಕೊನೆಯ ವರ್ಷಕ್ಕೆ ಕಾಲಿಟ್ಟನೆಂದರೆ ಕ್ಲಬ್ಬಿನ ಪಾಲಿಗೆ ಅವನ ಬೆಲೆ ತಿಂಗಳು ತಿಂಗಳಿಗೆ ಕರಗತೊಡಗುತ್ತದೆ. ಮಾರಬೇಕೆ, ಹೊಸ ಒಪ್ಪಂದ ಕೊಡಬೇಕೆ, ಕೈಬಿಡಬೇಕೆ? ಮುಗಿಯಲು ಎರಡು ವರ್ಷವಿದೆ ಎನ್ನುವಾಗಲೇ ಇದನ್ನು ನಿರ್ಧರಿಸುವುದು ಚೆನ್ನಾಗಿ ನಡೆಯುವ ಕ್ಲಬ್ಬುಗಳ ರೂಢಿ. ಹಾಗೆ ಮಾಡದವರು ಕೊನೆಗೆ ಆಟಗಾರ ಹೇಳಿದ ಮೊತ್ತಕ್ಕೆ ತಲೆಯಾಡಿಸುತ್ತಾರೆ.

ಆಟಗಾರರ ಮೇಲಿರುವ ಬೋಸ್ಮನ್ ಋಣ ದೊಡ್ಡದು. ಆ ತೀರ್ಪಿಗೆ ಮೊದಲು ಆಟಗಾರರು ಕ್ಲಬ್ಬಿನ ಸೊತ್ತಿನಂತೆ ಬದುಕಿದವರು.

ಮುಂದಿನ ಫಸಲಿನ ಲೆಕ್ಕ

ಮಲೆನಾಡಿನಲ್ಲಿ ಅಡಿಕೆ ತೋಟದ ಫಸಲನ್ನು ಚೇಣಿಗೆ ಹಿಡಿಯುವವರು ಹಿಂದಿನ ವರ್ಷದ ಇಳುವರಿಯ ಕಥೆಗೆ ದುಡ್ಡು ಕೊಡುವುದಿಲ್ಲ. ತೋಟದೊಳಗೆ ನಡೆದು, ತಲೆಯೆತ್ತಿ ಗೊನೆ ನೋಡಿ ಮೊತ್ತ ಹೇಳುತ್ತಾರೆ. ಫುಟ್ಬಾಲ್ ಒಪ್ಪಂದದಲ್ಲೂ ಕೊಳ್ಳುವುದು ಮುಂದಿನ ಫಸಲನ್ನೇ. ಆದರೆ ಇಲ್ಲಿ ಮೊತ್ತ ಹೇಳುವವರ ಕಿವಿಯಲ್ಲಿ ಕಳೆದ ಸೀಸನ್ನಿನ ಜೈಕಾರ ಇನ್ನೂ ಮೊಳಗುತ್ತಿರುತ್ತದೆ.

ಲಂಡನ್ನಿನ ಆರ್ಸೆನಲ್ ಕ್ಲಬ್ ಇದಕ್ಕೆ ಬೆಲೆ ತೆತ್ತದ್ದು ಎರಡು ಸಲ. ಎರಡನೆಯದನ್ನು ಮೊದಲು ನೋಡೋಣ. ಪಿಯೆರ್ ಎಮೆರಿಕ್ ಆಬಮೆಯಾಂಗ್ ಪ್ರೀಮಿಯರ್ ಲೀಗಿನಲ್ಲಿ ಸತತ ಎರಡು ಸೀಸನ್ 22 ಗೋಲು ಹೊಡೆದಿದ್ದರು. 2020ರ ಆಗಸ್ಟ್ 1ರಂದು ಎಫ್‌ಎ ಕಪ್ ಫೈನಲ್‌ನಲ್ಲಿ ಚೆಲ್ಸಿ ವಿರುದ್ಧ ತಂಡದ ಎರಡೂ ಗೋಲು ಅವರವೇ. ಆರು ವಾರದ ಬಳಿಕ ಮೂರು ವರ್ಷದ ದೊಡ್ಡ ಒಪ್ಪಂದ. ವಯಸ್ಸು ಆಗಲೇ 31. ಅಭಿಮಾನಿಗಳು ಹಬ್ಬ ಮಾಡಿದರು. ಮುಂದಿನ ಸೀಸನ್ನಿನಲ್ಲಿ ಲೀಗ್ ಗೋಲು ಹತ್ತಕ್ಕಿಳಿಯಿತು. 2021ರ ಡಿಸೆಂಬರ್‌ನಲ್ಲಿ ಶಿಸ್ತಿನ ಕಾರಣಕ್ಕೆ ನಾಯಕತ್ವ ಹೋಯಿತು. 2022ರ ಫೆಬ್ರುವರಿ ಹೊತ್ತಿಗೆ ಒಪ್ಪಂದವನ್ನೇ ರದ್ದು ಮಾಡಿ, ಶುಲ್ಕವಿಲ್ಲದೆ ಬಾರ್ಸಿಲೋನಾಕ್ಕೆ ಕಳಿಸಿಕೊಟ್ಟರು.

ವೇಗದ ಮೇಲೆ ಬದುಕುವ ಮುನ್ಪಡೆ ಆಟಗಾರರು ಇಪ್ಪತ್ತರ ನಡುವಿನಿಂದ ಕೊನೆಯವರೆಗೆ ಉತ್ತುಂಗದಲ್ಲಿದ್ದು, ಮೂವತ್ತು ದಾಟಿದ ಮೇಲೆ ಇಳಿಯತೊಡಗುತ್ತಾರೆ. ನಡುರಕ್ಷಣೆಯವರು ಇನ್ನೂ ಕೆಲವು ವರ್ಷ ಬಾಳುತ್ತಾರೆ. ಗೋಲ್‌ಕೀಪರ್‌ಗಳು ಮತ್ತೂ ಹೆಚ್ಚು. ಹಾಗಾಗಿ 29ರ ವಿಂಗರ್ ಐದು ವರ್ಷ ಕೇಳುವುದೂ 29ರ ಗೋಲ್‌ಕೀಪರ್ ಐದು ವರ್ಷ ಕೇಳುವುದೂ ಒಂದೇ ಅಲ್ಲ. ತರಬೇತುದಾರ ಕಣ್ಣಿಗೆ ಕಂಡದ್ದನ್ನು ಹೇಳುತ್ತಾರೆ. ವೈದ್ಯರು ಮಂಡಿ ಮತ್ತು ತೊಡೆಯ ಹಿಂಭಾಗದ ಸ್ನಾಯುಗಳ ಚರಿತ್ರೆ ತೆರೆದಿಡುತ್ತಾರೆ. ಆಟಗಾರ ಒಂದು ಪಂದ್ಯದಲ್ಲಿ ಎಷ್ಟು ಬಾರಿ ಪೂರ್ಣ ವೇಗದಲ್ಲಿ ಓಡಿದ, ಆ ಸಂಖ್ಯೆ ಹೋದ ವರ್ಷಕ್ಕಿಂತ ಇಳಿದಿದೆಯೇ ಎಂಬುದನ್ನು ಕ್ಯಾಮೆರಾಗಳು ದಾಖಲಿಸಿರುತ್ತವೆ. ಗೋಲುಗಳ ಸಂಖ್ಯೆ ಕುಸಿಯುವ ಮೊದಲೇ ಕಾಲು ನಿಧಾನವಾದದ್ದು ಅಲ್ಲಿ ಕಾಣುತ್ತದೆ.

ಸ್ಪೇನಿನ ರಿಯಲ್ ಮ್ಯಾಡ್ರಿಡ್ ಈ ವಿಷಯದಲ್ಲಿ ಕಲ್ಲುಮನಸ್ಸಿನದು. ವಯಸ್ಸಾದ ದಿಗ್ಗಜರಿಗೆ ಒಂದು ಸಲಕ್ಕೆ ಒಂದೇ ವರ್ಷ. ಲೂಕಾ ಮೋಡ್ರಿಚ್ ಅದನ್ನು ಒಪ್ಪಿಕೊಳ್ಳುತ್ತಾ ಹೋಗಿ 39ರವರೆಗೂ ಅಲ್ಲೇ ಆಡಿದರು. 16 ವರ್ಷ ಆ ಬಿಳಿ ಅಂಗಿ ತೊಟ್ಟಿದ್ದ ನಾಯಕ ಸರ್ಜಿಯೊ ರಾಮೋಸ್ ಎರಡು ವರ್ಷ ಕೇಳಿದರು. ಕ್ಲಬ್ ಕೊಟ್ಟದ್ದು ಸಂಬಳ ಕಡಿತದ ಒಂದು ವರ್ಷ. ಯೋಚಿಸಿ, ಸರಿ ಎನ್ನುವಷ್ಟರಲ್ಲಿ ಆ ಅವಕಾಶದ ಗಡುವು ಮುಗಿಯಿತು ಎಂದರಂತೆ. 2021ರ ಜೂನ್‌ನಲ್ಲಿ ರಾಮೋಸ್ ಇದನ್ನು ಪತ್ರಕರ್ತರಿಗೆ ಹೇಳಿದರು. ಆಮೇಲೆ ಪ್ಯಾರಿಸ್‌ನಲ್ಲಿ ಅವರ ಮೊದಲ ಸೀಸನ್ನಿನ ಬಹುಪಾಲು ಗಾಯದಲ್ಲೇ ಕಳೆಯಿತು. ಮ್ಯಾಡ್ರಿಡ್ ಲೀಗನ್ನೂ ಚಾಂಪಿಯನ್ಸ್ ಲೀಗನ್ನೂ ಗೆದ್ದಿತು. ಲೆಕ್ಕ ಸರಿಯಾಗಿತ್ತು. ಆದರೂ 16 ವರ್ಷ ಆಡಿದ ನಾಯಕನನ್ನು ಗಡುವಿನ ನೆಪ ಹೇಳಿ ಕಳಿಸಿದ್ದು ಚೆನ್ನಾಗಿ ಕಾಣಲಿಲ್ಲ.

ಡಿ ಬ್ರೂಯ್ನೆ ತಂದ ಕಡತ

ಟಿವಿಯಲ್ಲಿ ಪಂದ್ಯ ನೋಡುವವರಿಗೆ ಈಗ ‘ಎಕ್ಸ್‌ಜಿ’ ಎಂಬ ಅಂಕಿ ಪರಿಚಿತ. ಒಂದು ಹೊಡೆತ ಎಲ್ಲಿಂದ, ಯಾವ ಕೋನದಿಂದ, ಯಾವ ಒತ್ತಡದಲ್ಲಿ ಬಂತು ಎಂಬುದನ್ನು ನೋಡಿ ಅದು ಗೋಲಾಗುವ ಸಾಧ್ಯತೆ ಎಷ್ಟು ಎಂದು ಹೇಳುವ ಲೆಕ್ಕ ಅದು. ಒಬ್ಬ 20 ಗೋಲು ಹೊಡೆದಿದ್ದಾನೆ, ಆದರೆ ಅವನಿಗೆ ಸಿಕ್ಕ ಅವಕಾಶಗಳಿಗೆ 13 ಗೋಲು ನ್ಯಾಯವಾಗಿತ್ತು ಎಂದಿಟ್ಟುಕೊಳ್ಳಿ. ಉಳಿದ ಏಳರಲ್ಲಿ ಕೌಶಲವೆಷ್ಟು, ಅದೃಷ್ಟವೆಷ್ಟು ಎಂದು ಕ್ಲಬ್ ಕೇಳಿಕೊಳ್ಳಬೇಕು. ಅದೃಷ್ಟಕ್ಕೆ ಐದು ವರ್ಷದ ಸಂಬಳ ಕೊಡುವಂತಿಲ್ಲ.

ಕ್ಲಬ್ಬಿನ ಒಳಗೆ ನಡೆಯುವ ಲೆಕ್ಕ ಇದಕ್ಕಿಂತ ಆಳದ್ದು. ಚೆಂಡು ಒಬ್ಬನ ಕಾಲಿಗೆ ಬಂದಾಗ ತಂಡ ಗೋಲು ಹೊಡೆಯುವ ಸಾಧ್ಯತೆ ಎಷ್ಟಿತ್ತು, ಅವನ ಕಾಲಿನಿಂದ ಹೊರಟಾಗ ಎಷ್ಟಾಯಿತು? ಆ ವ್ಯತ್ಯಾಸ ಅವನ ಖಾತೆಗೆ. ಒಂದು ಸೀಸನ್ನಿನ ಸಾವಿರಾರು ಸ್ಪರ್ಶಗಳನ್ನು ಹೀಗೆ ಕೂಡಿಸಿದರೆ ಗೋಲು ಹೊಡೆಯದವರ ಬೆಲೆಯೂ ತಿಳಿಯುತ್ತದೆ. ಲಿವರ್‌ಪೂಲ್ ಕ್ಲಬ್ಬಿನಲ್ಲಿ ಈ ವಿಭಾಗವನ್ನು ಕಟ್ಟಿದ ಇಯಾನ್ ಗ್ರಹಾಂ ಕೇಂಬ್ರಿಜ್‌ನಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದವರು. ಚೆಲ್ಸಿಯಲ್ಲಿ ಮಿಂಚದೆ ಹೋಗಿದ್ದ ಮೊಹಮದ್ ಸಲಾಹ್ ಅವರನ್ನು 2017ರಲ್ಲಿ ರೋಮಾದಿಂದ ತರುವ ತೀರ್ಮಾನದ ಹಿಂದೆ ಅವರ ತಂಡದ ಲೆಕ್ಕವಿತ್ತು.

ಇದೇ ಅಸ್ತ್ರವನ್ನು ಆಟಗಾರರೂ ಹಿಡಿಯುತ್ತಾರೆ ಎಂಬುದನ್ನು ತೋರಿಸಿದವರು ಮ್ಯಾಂಚೆಸ್ಟರ್ ಸಿಟಿಯ ಕೆವಿನ್ ಡಿ ಬ್ರೂಯ್ನೆ. 2021ರಲ್ಲಿ ಅವರು ಏಜೆಂಟ್ ಇಲ್ಲದೆ ಮಾತುಕತೆಗೆ ಕೂತರು. ಜೊತೆಗಿದ್ದದ್ದು ಮನೆಯವರು, ವಕೀಲರು ಮತ್ತು ಅಂಕಿಅಂಶ ವಿಶ್ಲೇಷಿಸುವ ಒಂದು ಕಂಪನಿ ಮಾಡಿಕೊಟ್ಟ ವರದಿ. ಸಿಟಿಯ ಆಟಕ್ಕೆ ತಾನೆಷ್ಟು ಮುಖ್ಯ, ತನ್ನಂಥವರು ಬೇರೆಡೆ ಎಷ್ಟು ಪಡೆಯುತ್ತಾರೆ ಎಂಬುದರ ಜೊತೆಗೆ ಮುಂದಿನ ವರ್ಷಗಳಲ್ಲಿ ಈ ಕ್ಲಬ್ ಕಪ್ ಗೆಲ್ಲುವಷ್ಟು ಬಲವಾಗಿರುತ್ತದೆಯೇ ಎಂದೂ ಅವರು ತೂಗಿ ನೋಡಿದ್ದರು. ಕೊಡುವವರು ಪಡೆಯುವವನನ್ನು ಅಳೆಯುವುದು ಹಳೆಯ ರೂಢಿ. ಪಡೆಯುವವನೂ ಕೊಡುವವರನ್ನು ಅಳೆದದ್ದು ನನಗೆ ತುಂಬ ಹಿಡಿಸಿತು.

2025ರವರೆಗೆ ಒಪ್ಪಂದವಾಯಿತು. ಆ ಅವಧಿಯಲ್ಲಿ ಸಿಟಿ 2023ರ ಮೂರು ಕಿರೀಟಗಳೂ ಸೇರಿ ಸಾಲುಸಾಲು ಪ್ರಶಸ್ತಿ ಗೆದ್ದಿತು. ಅದೇ ಅವಧಿಯಲ್ಲಿ ತೊಡೆಯ ಸ್ನಾಯು ಹರಿದು ಡಿ ಬ್ರೂಯ್ನೆ ಸುಮಾರು ಐದು ತಿಂಗಳು ಹೊರಗಿದ್ದರು. ಎಂಥ ಒಳ್ಳೆಯ ಒಪ್ಪಂದದೊಳಗೂ ಇಂಥ ತಿಂಗಳುಗಳು ಸೇರಿರುತ್ತವೆ, ಅವಕ್ಕೂ ಸಂಬಳ ಸಲ್ಲುತ್ತದೆ.

ಹೆಚ್ಚಿನ ಆಟಗಾರರು ಮಾತ್ರ ಏಜೆಂಟರನ್ನೇ ನಂಬಿದ್ದಾರೆ. 2024ರ ಫೆಬ್ರುವರಿಗೆ ಮುಗಿದ ಒಂದು ವರ್ಷದಲ್ಲಿ ಪ್ರೀಮಿಯರ್ ಲೀಗಿನ 20 ಕ್ಲಬ್ಬುಗಳು ಏಜೆಂಟರಿಗೆ ಕೊಟ್ಟದ್ದು 40 ಕೋಟಿ ಪೌಂಡ್‌ಗೂ ಹೆಚ್ಚು.

ಜೆರ್ಸಿ ಮಾರಿ ಸಂಬಳ?

ದೊಡ್ಡ ತಾರೆ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ಜೆರ್ಸಿ ಮಾರಾಟದಲ್ಲೇ ಹಣ ವಾಪಸ್ ಬಂತಂತೆ! ಇದು ನಡೆಯುವ ಮಾತಲ್ಲ. ಜೆರ್ಸಿ ತಯಾರಿಸಿ ಮಾರುವುದು ಅಡಿಡಾಸ್, ನೈಕಿಯಂಥ ಕಂಪನಿಗಳು. ಅವು ಕ್ಲಬ್ಬಿಗೆ ವರ್ಷಕ್ಕಿಷ್ಟು ಎಂದು ನಿಗದಿತ ಮೊತ್ತ ಕೊಡುತ್ತವೆ. ಮಾರಾಟವಾದ ಒಂದೊಂದು ಅಂಗಿಯಲ್ಲಿ ಕ್ಲಬ್ಬಿಗೆ ಸಿಗುವುದು ಸಾಮಾನ್ಯವಾಗಿ ಸಣ್ಣ ಪಾಲು.

ಇಟಲಿಯ ಯುವೆಂಟಸ್ 2018ರಲ್ಲಿ 33 ವರ್ಷದ ಕ್ರಿಸ್ಟಿಯಾನೊ ರೊನಾಲ್ಡೊ ಅವರನ್ನು ಹತ್ತು ಕೋಟಿ ಯೂರೊ ಶುಲ್ಕ ಕೊಟ್ಟು ತಂದಿತು. ತೆರಿಗೆ ಕಳೆದು ಕೈಗೆ ಬರುವ ಸಂಬಳವೇ ವರ್ಷಕ್ಕೆ ಸುಮಾರು 3 ಕೋಟಿ ಯೂರೊ. ಹೆಸರಿನ ಬಲ ಸುಳ್ಳಾಗಲಿಲ್ಲ. ಅದೇ ವರ್ಷದ ಕೊನೆಗೆ ಅಡಿಡಾಸ್ ಜೊತೆಗಿನ ಒಪ್ಪಂದ ಎರಡು ಪಟ್ಟಿಗೂ ಮೇಲೇರಿ ವರ್ಷಕ್ಕೆ 5.1 ಕೋಟಿ ಯೂರೊ ಆಯಿತು. ರೊನಾಲ್ಡೊ ಗೋಲುಗಳನ್ನೂ ಹೊಡೆದರು, ಎರಡು ಲೀಗ್ ಪ್ರಶಸ್ತಿಯೂ ಬಂತು. ಆದರೆ ಅವರು ಬರುವ ಮೊದಲೇ ಯುವೆಂಟಸ್ ಸತತ ಏಳು ಬಾರಿ ಲೀಗ್ ಗೆದ್ದಿತ್ತು. ಅವರನ್ನು ತಂದದ್ದು ಚಾಂಪಿಯನ್ಸ್ ಲೀಗಿಗಾಗಿ. ಅಲ್ಲಿ ಅಯಾಕ್ಸ್, ಲಿಯಾನ್, ಪೋರ್ಟೊ ಎದುರು ಮೂರು ವರ್ಷ ಮೂರು ಸೋಲು. 2021ರ ಆಗಸ್ಟ್‌ನಲ್ಲಿ ಅವರು ಹೊರಟಾಗ ಕ್ಲಬ್ ದೊಡ್ಡ ನಷ್ಟದಲ್ಲಿತ್ತು.

ತಾರೆಗೆ ಕೊಟ್ಟ ಹಣ ಇನ್ಯಾರಿಗೆ ಸಿಗಲಿಲ್ಲ ಎಂಬುದನ್ನೂ ಕೇಳಬೇಕು. ಯಾವ ಕ್ಲಬ್ ಎನ್ನದೆ ಎಲ್ಲ ಕಡೆಯೂ ಕ್ರೀಡಾ ನಿರ್ದೇಶಕರ ತಲೆನೋವು ಇದೇ.

ಡ್ರೆಸ್ಸಿಂಗ್ ರೂಮಿನ ಕಿವಿಗಳು

ಆರ್ಸೆನಲ್‌ನ ಮೊದಲ ಪಾಠಕ್ಕೆ ಬರೋಣ. 2018ರ ಜನವರಿ. ತಂಡದ ಇಬ್ಬರು ದೊಡ್ಡ ತಾರೆಗಳು ಮೆಸುಟ್ ಓಜಿಲ್ ಮತ್ತು ಅಲೆಕ್ಸಿಸ್ ಸಾಂಚೆಸ್. ಇಬ್ಬರ ಒಪ್ಪಂದವೂ ಆ ಜೂನ್‌ಗೆ ಮುಗಿಯುವುದಿತ್ತು. ಹಾಗೆ ಬಿಟ್ಟದ್ದೇ ತಪ್ಪು. ಸಾಂಚೆಸ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೊರಟರು. ಓಜಿಲ್ ಕೂಡ ಹೋದರೆ ಅಭಿಮಾನಿಗಳಿಗೆ ಮುಖ ತೋರಿಸುವುದು ಹೇಗೆ? ಕೆಲವೇ ದಿನಗಳಲ್ಲಿ ಓಜಿಲ್‌ಗೆ ಹೊಸ ಒಪ್ಪಂದ ಸಿಕ್ಕಿತು. ವರದಿಯಾದ ಮೊತ್ತ ವಾರಕ್ಕೆ 3.5 ಲಕ್ಷ ಪೌಂಡ್, ಅಂದರೆ ಅಂದಿನ ದರದಲ್ಲಿ ವಾರಕ್ಕೆ 3 ಕೋಟಿ ರೂಪಾಯಿಗೂ ಹೆಚ್ಚು.

ಸಂಬಳದ ಗುಟ್ಟು ಡ್ರೆಸ್ಸಿಂಗ್ ರೂಮಿನಲ್ಲಿ ಒಂದು ವಾರವೂ ನಿಲ್ಲುವುದಿಲ್ಲ. ಮೇಲಿನವರಿಗೆ ಎಷ್ಟು ಎಂದು ತಿಳಿದ ಕ್ಷಣವೇ ಎರಡನೆಯವರ, ಮೂರನೆಯವರ ಏಜೆಂಟರು ಫೋನ್ ಎತ್ತುತ್ತಾರೆ. ಅದೇ ವರ್ಷ ಸೆಪ್ಟೆಂಬರ್ ಹೊತ್ತಿಗೆ ಆರ್ಸೆನಲ್, ಹದಿಹರೆಯದಿಂದಲೂ ತನ್ನಲ್ಲೇ ಬೆಳೆದ ಆರನ್ ರಾಮ್ಸಿಗೆ ಕೊಡುತ್ತೇನೆಂದಿದ್ದ ಒಪ್ಪಂದವನ್ನು ಹಿಂದಕ್ಕೆ ಪಡೆಯಿತು. ರಾಮ್ಸಿ ಮರುವರ್ಷ ಶುಲ್ಕವಿಲ್ಲದೆ ಯುವೆಂಟಸ್‌ಗೆ ಹೋದರು.

ಓಜಿಲ್ ಆರ್ಸೆನಲ್ ಪರ ಕೊನೆಯ ಪಂದ್ಯ ಆಡಿದ್ದು 2020ರ ಮಾರ್ಚ್‌ನಲ್ಲಿ. ಅಕ್ಟೋಬರ್‌ನಲ್ಲಿ ತಂಡದ ಪಟ್ಟಿಯಿಂದಲೇ ಹೆಸರು ಬಿತ್ತು. ಆ ಬೇಸಿಗೆಯಲ್ಲಿ ಕ್ಲಬ್ 55 ಸಿಬ್ಬಂದಿಯ ಕೆಲಸ ತೆಗೆಯುವುದಾಗಿ ಪ್ರಕಟಿಸಿತ್ತು. ಡೈನೋಸಾರ್ ವೇಷ ತೊಟ್ಟು ಮಕ್ಕಳನ್ನು ನಗಿಸುತ್ತಿದ್ದವರ ಕೆಲಸವೂ ಹೋಗುತ್ತದೆಂದು ತಿಳಿದಾಗ, ಅವರ ಸಂಬಳ ನಾನು ಕೊಡುತ್ತೇನೆ ಎಂದು ಓಜಿಲ್ ಮುಂದೆ ಬಂದರು. ದುರಾಸೆಯ ಮನುಷ್ಯ ಎಂದು ಅವರನ್ನು ಹೀಗಳೆದವರು ಇದನ್ನೂ ನೆನೆಯಬೇಕು. ಸಹಿ ಹಾಕಿಸಿದವರು ಕ್ಲಬ್ಬಿನವರು. ಕೊಟ್ಟ ಮಾತಿನಂತೆ ಸಂಬಳ ಪಡೆದದ್ದು ಆಟಗಾರನ ತಪ್ಪಲ್ಲ.

ಆ ಎರಡು ಪೆಟ್ಟಿನ ಬಳಿಕ ಆರ್ಸೆನಲ್ ದಾರಿ ಬದಲಿಸಿತು. 2023ರಲ್ಲಿ ಗೇಬ್ರಿಯಲ್ ಮಾರ್ಟಿನೆಲ್ಲಿ, ಬುಕಾಯೊ ಸಾಕಾ, ವಿಲಿಯಂ ಸಾಲಿಬಾ, ಮಾರ್ಟಿನ್ ಓಡೆಗಾರ್ಡ್ ಅವರಿಗೆ ಒಬ್ಬರಾದ ಮೇಲೆ ಒಬ್ಬರಂತೆ ದೀರ್ಘ ಒಪ್ಪಂದ ಕೊಟ್ಟಿತು. ಎಲ್ಲರೂ ಆಗ 25ರೊಳಗಿನವರು. ಹಣದ ಹರಿವು ನಿಲ್ಲಲಿಲ್ಲ, ಏರುವ ಕಾಲಿನ ಕಡೆಗೆ ತಿರುಗಿತು.

ಲಿವರ್‌ಪೂಲ್‌ನ ಮೂರು ಹೆಸರು

2024-25ರ ಸೀಸನ್ನಿನಲ್ಲಿ ಲಿವರ್‌ಪೂಲ್ ಎದುರಿಸಿದಂಥ ಪರೀಕ್ಷೆಯನ್ನು ದೊಡ್ಡ ಕ್ಲಬ್ಬುಗಳು ಅಪರೂಪಕ್ಕೆ ಎದುರಿಸುತ್ತವೆ. ಸಲಾಹ್, ನಾಯಕ ವರ್ಜಿಲ್ ವ್ಯಾನ್ ಡೈಕ್, ಲಿವರ್‌ಪೂಲ್‌ನಲ್ಲೇ ಹುಟ್ಟಿ ಬೆಳೆದ ಟ್ರೆಂಟ್ ಅಲೆಕ್ಸಾಂಡರ್ ಅರ್ನಾಲ್ಡ್ – ಮೂವರ ಒಪ್ಪಂದವೂ 2025ರ ಜೂನ್ 30ಕ್ಕೆ ಮುಗಿಯುವುದಿತ್ತು. ತಂಡ ಲೀಗಿನ ತುದಿಯಲ್ಲಿತ್ತು. ನವೆಂಬರ್‌ನಲ್ಲಿ ಸಲಾಹ್, ಉಳಿಯುವುದಕ್ಕಿಂತ ಹೋಗುವ ಸಾಧ್ಯತೆಯೇ ಹೆಚ್ಚು ಎಂದು ಬಹಿರಂಗವಾಗಿ ಹೇಳಿದರು.

ಸಲಾಹ್‌ಗೆ 32 ಮುಗಿಯುತ್ತ ಬಂದಿತ್ತು. ವಯಸ್ಸಿನ ರೇಖೆ ಬೇಡ ಎನ್ನುತ್ತಿತ್ತು. ಅಂಗಳದ ಆಟ ಬೇಕು ಎನ್ನುತ್ತಿತ್ತು: ಆ ಸೀಸನ್ ಮುಗಿದಾಗ ಲೀಗಿನಲ್ಲಿ ಅವರ ಹೆಸರಿಗೆ 29 ಗೋಲು, 18 ಅಸಿಸ್ಟ್. 2025ರ ಏಪ್ರಿಲ್ 11ರಂದು ಎರಡು ವರ್ಷದ ಒಪ್ಪಂದ ಪ್ರಕಟವಾಯಿತು. ಆರು ದಿನದಲ್ಲಿ 33ರ ವ್ಯಾನ್ ಡೈಕ್‌ಗೂ ಅಷ್ಟೇ ವರ್ಷ. ವ್ಯಾನ್ ಡೈಕ್ ವಿಷಯದಲ್ಲಿ ಕ್ಲಬ್ಬಿಗೆ ಒಂದು ಕಹಿ ಅನುಭವವಿತ್ತು. 2020ರ ಅಕ್ಟೋಬರ್‌ನಲ್ಲಿ ಎವರ್ಟನ್ ವಿರುದ್ಧದ ಪಂದ್ಯದಲ್ಲಿ ಮಂಡಿಯ ಅಸ್ಥಿರಜ್ಜು ಹರಿದು ಅವರು ಇಡೀ ಸೀಸನ್ ಹೊರಗುಳಿದಾಗ, ಹಾಲಿ ಚಾಂಪಿಯನ್ ತಂಡ ತವರಿನಲ್ಲೇ ಸತತ ಆರು ಪಂದ್ಯ ಸೋತಿತ್ತು. ಒಬ್ಬನ ಬೆಲೆ ತಿಳಿಯಲು ಅವನಿಲ್ಲದ ದಿನಗಳಿಗಿಂತ ಒಳ್ಳೆಯ ದಾಖಲೆ ಸಿಗದು.

ಮೂರನೆಯವರು ಉಳಿಯಲಿಲ್ಲ. ಆರನೇ ವಯಸ್ಸಿನಿಂದ ಅಲ್ಲೇ ಇದ್ದ 26ರ ಅರ್ನಾಲ್ಡ್ ರಿಯಲ್ ಮ್ಯಾಡ್ರಿಡ್ ಸೇರುವ ನಿರ್ಧಾರ ಮಾಡಿದ್ದರು. ಕ್ಲಬ್ ವಿಶ್ವಕಪ್‌ಗೆ ಅವರು ಬೇಗ ಬೇಕೆಂದು ಮ್ಯಾಡ್ರಿಡ್ ಸುಮಾರು ಒಂದು ಕೋಟಿ ಯೂರೊ ಕೊಟ್ಟಿತು, ಇಲ್ಲದಿದ್ದರೆ ಅದೂ ಇರುತ್ತಿರಲಿಲ್ಲ. ಮೇ 11ರಂದು ಲಿವರ್‌ಪೂಲ್‌ನ ತವರು ಕ್ರೀಡಾಂಗಣ ಆನ್‌ಫೀಲ್ಡ್‌ನಲ್ಲಿ ಅವರು ಮೈದಾನಕ್ಕಿಳಿದಾಗ ಸ್ವಂತ ಊರಿನ ಜನರೇ ಕೂಗಿ ಹೀಗಳೆದರು. ಕ್ಲಬ್ ಆಟಗಾರನನ್ನು ಕೈಬಿಟ್ಟರೆ ವ್ಯವಹಾರ, ಆಟಗಾರ ಕ್ಲಬ್ ಬಿಟ್ಟರೆ ದ್ರೋಹ ಎಂಬ ಎಣಿಕೆ ಸರಿಯಲ್ಲ.

ಏಪ್ರಿಲ್ ಕೊನೆಗೆ ಲಿವರ್‌ಪೂಲ್ ಲೀಗ್ ಗೆದ್ದಿತು. ಜುಲೈನಲ್ಲಿ ಸಹ ಆಟಗಾರ ಡಿಯೊಗೊ ಜೋಟಾ ಕಾರು ಅಪಘಾತದಲ್ಲಿ ತೀರಿಕೊಂಡರು. ಹೊಸ ಸೀಸನ್ನಿನಲ್ಲಿ ಸಲಾಹ್ ಹಿಂದಿನ ಲಯದಲ್ಲಿರಲಿಲ್ಲ. ಡಿಸೆಂಬರ್ ಹೊತ್ತಿಗೆ ಬೆಂಚಿನಲ್ಲಿ ಕೂತು, ಕ್ಲಬ್ಬಿನ ಮೇಲಿನ ಅಸಮಾಧಾನವನ್ನು ಮಾಧ್ಯಮದ ಮುಂದೆ ಹೊರಹಾಕಿದರು. ವಯಸ್ಸು ಎಷ್ಟು ಕಾರಣ, ಹೊಸಬರು ಸೇರಿ ಬದಲಾದ ತಂಡದ ಆಟ ಎಷ್ಟು ಕಾರಣ, ಗೆಳೆಯನ ಸಾವು ಎಷ್ಟು ಕಾರಣ ಎಂದು ಬೇರ್ಪಡಿಸುವ ಮಾದರಿಯನ್ನು ಯಾವ ಭೌತಶಾಸ್ತ್ರಜ್ಞರೂ ಮಾಡಿಲ್ಲ. ಮೂರು ವರ್ಷ ಕೊಡದೆ ಎರಡಕ್ಕೆ ನಿಲ್ಲಿಸಿದ್ದು ವಿವೇಕವೆಂದು ಮಾತ್ರ ಹೇಳಬಹುದು.

ಲೆಕ್ಕಪುಸ್ತಕದ ಜಾಣ್ಮೆ

ಒಪ್ಪಂದದ ವರ್ಷಗಳನ್ನು ಆಟವೊಂದೇ ನಿರ್ಧರಿಸುವುದಿಲ್ಲ. ಆಟಗಾರನನ್ನು ಆರು ಕೋಟಿಗೆ ಕೊಂಡು ಐದು ವರ್ಷದ ಒಪ್ಪಂದ ಮಾಡಿಕೊಂಡರೆ ಲೆಕ್ಕಪುಸ್ತಕದಲ್ಲಿ ವರ್ಷಕ್ಕೆ 1.2 ಕೋಟಿ ಖರ್ಚು ಬೀಳುತ್ತದೆ. ಮೂರು ವರ್ಷ ಕಳೆದಾಗ ಉಳಿದದ್ದು 2.4 ಕೋಟಿ. ಆಗ ಎರಡು ವರ್ಷ ಹೆಚ್ಚಿಸಿ ಸಹಿ ಹಾಕಿಸಿದರೆ ಅದೇ 2.4 ಕೋಟಿ ನಾಲ್ಕು ವರ್ಷಕ್ಕೆ ಹರಡಿ, ವರ್ಷದ ಖರ್ಚು 60 ಲಕ್ಷಕ್ಕಿಳಿಯುತ್ತದೆ. ಸಂಬಳ ಏರಿಸಿಯೂ ಪುಸ್ತಕದಲ್ಲಿ ಹಗುರಾಗಬಹುದು.

ಚೆಲ್ಸಿ ಇದನ್ನು ತುದಿಗೆ ಒಯ್ದು 2023ರ ಜನವರಿಯಲ್ಲಿ ಮಿಖೈಲೊ ಮುದ್ರಿಕ್‌ಗೆ ಎಂಟೂವರೆ ವರ್ಷದ ಒಪ್ಪಂದ ಕೊಟ್ಟಿತು. ಅದಾದ ಮೇಲೆ ಯುರೋಪಿನ ಫುಟ್ಬಾಲ್ ಸಂಸ್ಥೆ ಯುಇಎಫ್‌ಎ, ಒಪ್ಪಂದ ಎಷ್ಟೇ ಉದ್ದವಿದ್ದರೂ ಶುಲ್ಕವನ್ನು ಐದು ವರ್ಷಕ್ಕಿಂತ ಹೆಚ್ಚು ಹರಡಬಾರದೆಂದಿತು. ಸಂಬಳ, ವರ್ಗಾವಣೆ, ಏಜೆಂಟರ ವೆಚ್ಚ ಸೇರಿ ಆದಾಯದ ಶೇ 70 ಮೀರಬಾರದೆಂಬ ಅದರ ನಿಯಮ 2025-26ರಿಂದ ಪೂರ್ತಿ ಜಾರಿಯಲ್ಲಿದೆ. ಇಂಗ್ಲೆಂಡಿನಲ್ಲಿ ನಷ್ಟದ ಮಿತಿ ದಾಟಿದ ಎವರ್ಟನ್ 2023ರ ನವೆಂಬರ್‌ನಲ್ಲಿ 10 ಅಂಕ ಕಳೆದುಕೊಂಡಿತು. ಮೇಲ್ಮನವಿಯಲ್ಲಿ ಅದು ಆರಕ್ಕಿಳಿಯಿತು. ಈಗ ತಪ್ಪು ಸಹಿಯ ಬೆಲೆ ಅಂಕಪಟ್ಟಿಯಲ್ಲೂ ಕಾಣುತ್ತದೆ.

ಆದರೂ ಮ್ಯಾಂಚೆಸ್ಟರ್ ಸಿಟಿ 2025ರ ಜನವರಿಯಲ್ಲಿ 24ರ ಅರ್ಲಿಂಗ್ ಹಾಲೆಂಡ್ ಜೊತೆ 2034ರವರೆಗೆ ಒಪ್ಪಂದ ಮಾಡಿಕೊಂಡಿತು. ಮುಗಿಯುವಾಗ ಅವರಿಗೆ 34 ಸಮೀಪಿಸಿರುತ್ತದೆ. ಅವರ ಅತ್ಯುತ್ತಮ ವರ್ಷಗಳು ಅದರೊಳಗಿವೆ, ಕೊನೆಯ ಮೂರ್ನಾಲ್ಕು ವರ್ಷದ ಇಳಿಜಾರೂ ಇದೆ. ಮಾರಿದರೆ ಹೇಳಿದ ಬೆಲೆ ಸಿಗುತ್ತದೆಂಬ ಭದ್ರತೆಗೆ ಸಿಟಿ ಆ ಇಳಿಜಾರನ್ನೂ ಕೊಂಡಿದೆ.

ಬೆಂಗಳೂರಿನಲ್ಲಿ ಬೇರೆಯೇ ಪ್ರಶ್ನೆ

ಕಂಠೀರವ ಕ್ರೀಡಾಂಗಣದಲ್ಲಿ ಕೂತು ಬೆಂಗಳೂರು ಎಫ್‌ಸಿ ಆಟ ನೋಡುವವರಿಗೆ ಇದೆಲ್ಲ ದೂರದ ಮಾತೆನಿಸಬಹುದು. 2013ರಲ್ಲಿ ಹುಟ್ಟಿದ ಈ ಕ್ಲಬ್ಬಿನ ಜೊತೆಗೇ ಬೆಳೆದ ಸುನಿಲ್ ಛೆಟ್ರಿ, ವಯಸ್ಸಿನ ಎಲ್ಲ ರೇಖೆಗಳನ್ನೂ ದಾಟಿ 2024-25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) 14 ಗೋಲು ಹೊಡೆದರು. ಆಗ ಅವರಿಗೆ 40. ಭಾರತೀಯರ ಪೈಕಿ ಅಷ್ಟು ಗೋಲು ಇನ್ಯಾರೂ ಹೊಡೆಯಲಿಲ್ಲ.

ಅದರ ಮರುಸೀಸನ್ ಶುರುವಾಗುವುದೇ ಅನುಮಾನವಾಯಿತು. ಲೀಗ್ ನಡೆಸುವ ಹಕ್ಕಿನ ಒಪ್ಪಂದದ ಅವಧಿ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಅದನ್ನು ನವೀಕರಿಸುವ ಮಾತುಕತೆ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ಮತ್ತು ಸಂಘಟಕರ ನಡುವೆ ಕಗ್ಗಂಟಾಗಿ ನಿಂತಿತು. 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ನಮ್ಮಲ್ಲಿ ಟಿಕೆಟ್, ಪ್ರಸಾರ, ಪ್ರಾಯೋಜಕತ್ವದಿಂದ ತಂಡದ ಸಂಬಳ ಹೊರಡುವುದಿಲ್ಲ. ಮಾಲೀಕರ ಬೇರೆ ಉದ್ಯಮದ ಹಣ ಅದನ್ನು ತುಂಬುತ್ತದೆ. ಆದಾಯದ ಶೇ 70 ಎಂಬ ಯುರೋಪಿನ ಅಳತೆಗೋಲನ್ನು ಇಲ್ಲಿ ಇಟ್ಟರೆ ತಾರೆಯಷ್ಟೇ ಅಲ್ಲ, ಹನ್ನೊಂದು ಜನರ ತಂಡವೂ ಅದರೊಳಗೆ ಹಿಡಿಯುವುದು ಕಷ್ಟ. ನಮ್ಮ ಫುಟ್ಬಾಲ್ ಆಡಳಿತಗಾರರು ಮೊದಲು ಕೂತು ಸರಿಪಡಿಸಬೇಕಾದ್ದು ವರ್ಷವಿಡೀ ತಪ್ಪದೆ ನಡೆಯುವ ಲೀಗನ್ನು ಮತ್ತು ಅದಕ್ಕೊಂದು ನಂಬಬಹುದಾದ ಆದಾಯವನ್ನು. ಸಹಿ ಹಾಕಿದ ಆಟಗಾರನಿಗೆ ತಿಂಗಳ ಸಂಬಳ ತಿಂಗಳಿಗೆ ಬರುವುದು ಖಾತ್ರಿಯಾದರೆ, ಯಾರಿಗೆ ಹೆಚ್ಚು ಕೊಡಬೇಕೆಂಬ ವಾದವನ್ನು ಬೆಂಗಳೂರಿನಲ್ಲೂ ಆಗ ಶುರುಮಾಡಬಹುದು.